ಪದ್ಮಳಿಗೆ ಬೇಕಿದ್ದ ಕಾಗದ

ಪದ್ಮ ಆರು ವರ್ಷ ಪುಸ್ತಕ ಜೋಡಿಸಿದಳು. ಜನ ಓದಿ ತಂದು ಹಾಕಿದ ಪುಸ್ತಕಗಳನ್ನು ಗಾಡಿಗೆ ತುಂಬುವುದು, ತಳ್ಳಿಕೊಂಡು ಹೋಗುವುದು, ಒಂದೊಂದನ್ನೂ ಅದರ ನಂಬರಿನ ಜಾಗದಲ್ಲಿ ಇಡುವುದು. ಅಷ್ಟೇ ಕೆಲಸ.

ಅಮೆರಿಕದ ಮಿಶಿಗನ್‌ನಲ್ಲಿ, ಸ್ಟರ್ಲಿಂಗ್ ಹೈಟ್ಸ್‌ನಿಂದ ಎಂಟು ಮೈಲಿ ಉತ್ತರಕ್ಕೆ ಮೇಪಲ್ ಕ್ರಾಸಿಂಗ್ ಅಂತ ಒಂದು ಸಣ್ಣ ಊರು. ಆ ಊರಿನ ಲೈಬ್ರರಿಯಲ್ಲಿ ಇದ್ದದ್ದೇ ಮೂರು ಜನ. ಡೈರೆಕ್ಟರ್ ಕ್ಯಾರೊಲ್, ಡೆಸ್ಕಿನಲ್ಲಿ ಕೂರುವ ಡೋರಿಸ್, ಗಾಡಿ ತಳ್ಳುವ ಪದ್ಮ. ಡೈರೆಕ್ಟರ್ ಅಂದರೆ ದೊಡ್ಡ ಕುರ್ಚಿ ಅಂದುಕೊಳ್ಳಬಾರದು. ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ಎತ್ತುವವಳೂ ಅವಳೇ, ಟಾಯ್ಲೆಟ್ ಕಟ್ಟಿಕೊಂಡರೆ ಸರಿ ಮಾಡುವವಳೂ ಅವಳೇ.

ಪದ್ಮ ಓದಿದ್ದು ಕೊಳ್ಳೇಗಾಲದಲ್ಲಿ, ಎಸ್ಸೆಸ್ಸೆಲ್ಸಿ ತನಕ. ಗಣಿತದಲ್ಲಿ ಫೇಲು. ಎರಡನೆಯ ಸಲ ಪರೀಕ್ಷೆಗೆ ಕಟ್ಟುವ ಮೊದಲೇ ಮದುವೆಯಾಯಿತು. ಗಂಡ ಶಶಿಧರ ಡಿಪ್ಲೊಮಾ ಮಾಡಿದವನು. ಕಾರಿನ ಬಿಡಿಭಾಗಗಳಿಗೆ ಅಚ್ಚು ಮಾಡುವ ಒಂದು ಕಾರ್ಖಾನೆಗೆ ಬಂದ, ಅಲ್ಲೇ ಇಪ್ಪತ್ತೇಳು ವರ್ಷ ದುಡಿದ. ಸುತ್ತಮುತ್ತಲ ಕನ್ನಡದವರೆಲ್ಲ ಇಂಜಿನಿಯರುಗಳು, ಅವರ ಹೆಂಡಿರೂ ಇಂಜಿನಿಯರುಗಳು. ಊಟಕ್ಕೆ ಸೇರಿದಾಗ ಯಾರಾದರೂ “ನೀವೇನು ಮಾಡ್ತೀರಿ?” ಅಂದರೆ ಪದ್ಮ “ಲೈಬ್ರರೀಲಿದೀನಿ” ಅನ್ನುತ್ತಿದ್ದಳು. ಅವರು ಲೈಬ್ರರಿಯನ್ ಅಂದುಕೊಳ್ಳುತ್ತಿದ್ದರು. ಅವಳು ತಿದ್ದುತ್ತಿರಲಿಲ್ಲ.

ಆದರೆ ಡೆಸ್ಕಿನ ಕೆಲಸ ಅವಳಿಗೆ ಬರುತ್ತಿತ್ತು. ಡೋರಿಸ್ ಊಟಕ್ಕೆ ಎದ್ದರೆ ಪದ್ಮ ಕೂರುತ್ತಿದ್ದಳು. ಪ್ರಿಂಟರ್ ಯಾವ ಬಾಗಿಲು ತೆರೆದು ಮುಚ್ಚಿದರೆ ಮತ್ತೆ ಓಡುತ್ತದೆ, ಯಾವ ಮುದುಕ ಕನ್ನಡಕ ಮರೆತು ಬರುತ್ತಾನೆ, ಯಾವ ಹುಡುಗಿ ಮನೆಗೆ ಹೋಗಲು ಹೆದರಿ ಮುಚ್ಚುವ ತನಕ ಕೂತಿರುತ್ತಾಳೆ, ಎಲ್ಲ ಗೊತ್ತಿತ್ತು. ಗೊತ್ತಿದ್ದರೆ ಸಾಲದು. ಲೈಬ್ರರಿಯನ್ನು ನಡೆಸುವ ಐದು ಜನರ ಮಂಡಳಿ ಒಂದು ನಿಯಮ ಮಾಡಿತ್ತು. ಡೆಸ್ಕಿನಲ್ಲಿ ಒಬ್ಬರೇ ಕೂರಬೇಕಾದರೆ ಡಿಗ್ರಿ ಇರಬೇಕು, ಇಲ್ಲವೇ ಸಣ್ಣ ಲೈಬ್ರರಿ ಸಿಬ್ಬಂದಿಯ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಇರಬೇಕು.

ತರಬೇತಿಗೇನೂ ಬರ ಇರಲಿಲ್ಲ. ವಾರ ವಾರ ಇಮೇಲ್ ಬರುತ್ತಿತ್ತು. ಸಣ್ಣ ಲೈಬ್ರರಿಗಳಿಗೆ ಉಚಿತ ಪಾಠ, ಸಣ್ಣ ಲೈಬ್ರರಿಗಳಿಗೆ ನೆರವು, ಸಣ್ಣ ಲೈಬ್ರರಿಗಳ ಸಮ್ಮೇಳನ. ಶಶಿಧರ ಅಡುಗೆಮನೆಯ ಮೇಜಿನ ಹತ್ತಿರ ಕೂತು ಅವನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಅವನು ಓದುವಾಗ ಎಲ್ಲವೂ ಸಲೀಸು ಅನ್ನಿಸುತ್ತಿತ್ತು. ಮಾಡಲು ಹೋದರೆ ಹಾಗಿರಲಿಲ್ಲ. ಆನ್‌ಲೈನ್ ಪಾಠ ಬುಧವಾರ ಎರಡು ಗಂಟೆಗೆ. ಬುಧವಾರ ಎರಡು ಗಂಟೆಗೆ ಮಕ್ಕಳ ಕಥೆಯ ಹೊತ್ತು, ಪದ್ಮ ಕುರ್ಚಿ ಹಾಕಬೇಕು. ಕೆಲಸದ ಹೊತ್ತಿನಲ್ಲಿ ನೋಡಿ ಅಂತ ಹೇಳುತ್ತಿದ್ದರು, ಹಿಂದಿನ ಕೋಣೆಯ ಕಂಪ್ಯೂಟರಿಗೆ ಸ್ಪೀಕರೇ ಇರಲಿಲ್ಲ. ಇನ್ನೊಂದು ವರ್ಷ ಸಹಾಯಧನಕ್ಕೆ ಅರ್ಜಿ ಹಾಕಿದಳು. ವಿದ್ಯಾಭ್ಯಾಸದ ಜಾಗದಲ್ಲಿ ‘ಇತರೆ’ ಅಂತ ಗುರುತು ಹಾಕಿದಳು. ಉತ್ತರವೇ ಬರಲಿಲ್ಲ. ಆಮೇಲಿನ ವರ್ಷ ಶಶಿಧರನಿಗೆ ಕಾಯಿಲೆ. ಅದರ ಮುಂದಿನ ವರ್ಷ, ಗಣೇಶನ ಹಬ್ಬವಾದ ವಾರದೊಳಗೆ, ಸೆಪ್ಟೆಂಬರ್ ಎರಡನೆಯ ತಾರೀಖು ಅವನು ಹೋದ.

ಇಮೇಲ್‌ಗಳು ಬರುವುದು ನಿಲ್ಲಲಿಲ್ಲ. ಓದಿ ಹೇಳುವವನು ಇರಲಿಲ್ಲ. ಅವಳೇ ಒಂದೊಂದು ಪದ ಹುಡುಕಿಕೊಂಡು ಓದಿದಳು.

ಈ ವರ್ಷ ಮೇ ತಿಂಗಳಲ್ಲಿ ಡೋರಿಸ್ ನಿವೃತ್ತಿಯ ಮಾತೆತ್ತಿದಳು. ಸೆಪ್ಟೆಂಬರ್ ಕೊನೆಗೆ ಬಿಡುತ್ತೇನೆ ಅಂದಳು. ಕ್ಯಾರೊಲ್ ಪದ್ಮಳನ್ನು ಕರೆದು ಹೇಳಿದಳು.

“ಅಷ್ಟರೊಳಗೆ ಸರ್ಟಿಫಿಕೇಟ್ ತಂದರೆ ಡೆಸ್ಕ್ ನಿಮ್ಮದು. ಆಗಸ್ಟ್‌ನಲ್ಲಿ ಒಂದು ತರಬೇತಿ ಇದೆ, ಸೆಪ್ಟೆಂಬರ್‌ನಲ್ಲಿ ಒಂದು. ಎರಡೆರಡು ದಿನ. ಎರಡೂ ಲಿವೋನಿಯಾದಲ್ಲಿ. ಯಾವುದು ಬೇಕು?”

ಪದ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಿಥಿ ಅನ್ನುವುದು ಇಂಗ್ಲಿಷ್ ತಾರೀಖಿನ ಪ್ರಕಾರ ಬರುವುದಿಲ್ಲ, ಪಂಚಾಂಗದ ಪ್ರಕಾರ ಬರುತ್ತದೆ. ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಅವಳ ಅಪ್ಪನದು ಹಾಗೆ, ಅತ್ತೆಯದು ಹಾಗೆ. ಶಶಿಧರನ ವರ್ಷದ ತಿಥಿ ಅಂದರೆ ಆಗಸ್ಟ್ ಇಪ್ಪತ್ತೆರಡರ ಸುಮಾರು. ಆಗಸ್ಟ್‌ನ ತರಬೇತಿ ಇಪ್ಪತ್ತು, ಇಪ್ಪತ್ತೊಂದು. ಬೇಡ, ತಗುಲಿಕೊಳ್ಳುತ್ತದೆ.

“ಸೆಪ್ಟೆಂಬರ್” ಅಂದಳು.

ಸೆಪ್ಟೆಂಬರ್ ಇಪ್ಪತ್ತೊಂದು, ಇಪ್ಪತ್ತೆರಡು. ಕ್ಯಾರೊಲ್ ಹೆಸರು ಬರೆಸಿದಳು.

ಜುಲೈ ಕೊನೆಗೆ ಪದ್ಮ ತಿಥಿಯ ದಿನ ಗೊತ್ತು ಮಾಡಲು ದೇವಸ್ಥಾನಕ್ಕೆ ಫೋನ್ ಮಾಡಿದಳು. ಭಟ್ಟರು ಪಂಚಾಂಗ ತಿರುವುವ ಸದ್ದು ಕೇಳಿಸಿತು.

“ಭಾದ್ರಪದ ಶುದ್ಧ ದಶಮಿ ಅಲ್ವೇನಮ್ಮ? ಸೆಪ್ಟೆಂಬರ್ ಇಪ್ಪತ್ತೊಂದು, ಸೋಮವಾರ ಬರುತ್ತೆ.”

“ಆಗಸ್ಟ್ ಇರ್ಬೇಕು ಭಟ್ರೇ. ಇನ್ನೊಂದ್ಸಲ ನೋಡಿ.”

“ಈ ವರ್ಷ ಅಧಿಕ ಜ್ಯೇಷ್ಠ ಬಂತಲ್ಲಮ್ಮ. ಒಂದು ತಿಂಗಳು ಜಾಸ್ತಿ. ಹಿಂದಕ್ಕೆ ಬರಬೇಕಾದ್ದು ಮುಂದಕ್ಕೆ ಹೋಗುತ್ತೆ.”

ಪದ್ಮಳಿಗೆ ಅಧಿಕ ಮಾಸ ಮರೆತೇ ಹೋಗಿತ್ತು. ತಿಂಗಳು ತಿಂಗಳು ಮಾಸಿಕ ಮಾಡುತ್ತಾ ಬಂದಿದ್ದರೆ ಗೊತ್ತಾಗುತ್ತಿತ್ತು. ಅವನ್ನೆಲ್ಲ ಕಳೆದ ವರ್ಷ ಹದಿಮೂರು ದಿನದೊಳಗೇ ಒಟ್ಟಿಗೆ ಮುಗಿಸಿಬಿಟ್ಟಿದ್ದರು. ಮಗ ರವಿಗೆ ರಜೆ ಇರಲಿಲ್ಲ.

“ಒಂದಿನ ಆಚೀಚೆ ಮಾಡೋಕಾಗಲ್ವಾ?”

“ಅದ್ಹೇಗಮ್ಮ ಆಗುತ್ತೆ. ಆದ್ರೆ ಕರ್ಮ ಮಾಡೋನು ಮಗ. ನೀವು ಇರ್ಲೇಬೇಕು ಅಂತ ಶಾಸ್ತ್ರದಲ್ಲೇನೂ ಇಲ್ಲ.”

ಆಗಸ್ಟ್‌ನ ತರಬೇತಿಯಲ್ಲಿ ಜಾಗ ಇದೆಯಾ ಅಂತ ಮಾರನೆಯ ದಿನವೇ ಕ್ಯಾರೊಲ್‌ಳನ್ನು ಕೇಳಿದಳು. ಭರ್ತಿಯಾಗಿತ್ತು. ಆನ್‌ಲೈನ್‌ನಲ್ಲಿ ಮಾಡಬಹುದಾ ಅಂತ ಕೇಳಿದಳು. ಮಾಡಬಹುದಿತ್ತು. ಎಂಟು ಪಾಠ, ಎಂಟು ಪರೀಕ್ಷೆ. ಕೊನೆಗೆ ಮೇಲಿನವರೊಬ್ಬರು ಡೆಸ್ಕಿನ ಪಕ್ಕ ಕೂತು ಮೂವತ್ತು ಗಂಟೆ ನೋಡಿ ಸಹಿ ಮಾಡಬೇಕು.

“ಮೂವತ್ತು ಗಂಟೆ ಎಲ್ಲಿಂದ ತರಲಿ ಪದ್ಮ?” ಅಂದಳು ಕ್ಯಾರೊಲ್. ಅವಳ ಕೈಯಲ್ಲಿ ಆಗ ಸೋರುವ ಸೂರಿನ ಕೆಳಗಿಡಲು ತಂದ ಬಕೆಟ್ ಇತ್ತು. “ಇದನ್ನು ಬರೆದವರಿಗೆ ಒಂದು ಲೈಬ್ರರಿಯಲ್ಲಿ ಎಷ್ಟು ಜನ ಇರುತ್ತಾರೆ ಅಂತಲೇ ಗೊತ್ತಿಲ್ಲ.”

ಪದ್ಮಳ ಬೀದಿಯಲ್ಲೇ ಲತಾಶ್ರೀ ಇದ್ದಳು. ಮೈಸೂರಿನವಳು, ವಯಸ್ಸಿನಲ್ಲಿ ದೊಡ್ಡವಳು. ಶಶಿಧರ ಹೋದಾಗ ಹದಿಮೂರು ದಿನವೂ ಅಡುಗೆ ಮಾಡಿ ತಂದವಳು. ಆ ಹಕ್ಕಿನಿಂದಲೇ ಮಾತಾಡುತ್ತಿದ್ದಳು.

“ಮೊದಲ ವರ್ಷದ್ದು ಕಣೇ. ತಿಥಿ ದಿನ ಹೆಂಡ್ತಿ ಕ್ಲಾಸಿಗೆ ಹೋಗಿದಾಳೆ ಅಂದ್ರೆ ಜನ ಏನಂತಾರೆ?”

“ಏನಂತಾರೆ ಲತಕ್ಕ?”

“ಆಗಲೇ ಕೆಲಸದ ಮೇಲೆ ಮನಸ್ಸು ಬಂತು ಅಂತಾರೆ.”

“ಅವರಿದ್ದಾಗ್ಲೂ ಇತ್ತು ಮನಸ್ಸು. ಅವರೇ ಅಲ್ವಾ ಓದಿ ಹೇಳ್ತಿದ್ದಿದ್ದು.”

“ನಿನ್ನ ಕೈ ಅಡುಗೆ ಇಲ್ದೆ ಮಾಡಿದ್ರೆ ಅವನಿಗೆ ಸೇರುತ್ತಾ?”

“ನೀವೇ ಮಾಡ್ಕೊಡಿ. ಬದುಕಿದ್ದಾಗ ನಿಮ್ಮ ಹುಳಿ ಚೆನ್ನಾಗಿದೆ ಅಂತ ನನ್ನ ಮುಂದೇನೇ ಹೇಳ್ತಿದ್ರು.”

ಲತಾಶ್ರೀ ನಗಬಾರದು ಅಂದುಕೊಂಡೇ ನಕ್ಕಳು. “ಹಂಗಂತಿದ್ನಾ? ಸರಿ ಬಿಡು. ಹೋಗಿ ಸಾಯಿ. ಮಾಡ್ತೀನಿ.”

ರವಿ ಪಕ್ಕದ ರಾಜ್ಯದ ಸ್ಕೋಕಿಯಲ್ಲಿದ್ದ, ಹೆಂಡತಿ ನಿರುಪಮಾಳ ಜೊತೆ. ಇಲ್ಲೇ ಹುಟ್ಟಿದವನು. ಫೋನಿನಲ್ಲಿ ವಿಷಯ ಹೇಳಿದಾಗ ಒಂದು ಕ್ಷಣವೂ ಯೋಚಿಸಲಿಲ್ಲ.

“ಅಮ್ಮ, ಇಟ್ಸ್ ಫೈನ್. ಯು ಗೋ. ನಾನು ಡೇ ಆಫ್ ಹಾಕಿದೀನಿ, ಭಟ್ರು ಹೇಳಿದ್ದು ಮಾಡ್ತೀನಿ. ಫೋನ್ ಸ್ಪೀಕರ್‌ನಲ್ಲಿ ಇಡ್ತೀನಿ, ನೀನು ಕೇಳಿಸ್ಕೊ.”

ಅವಳಿಗೆ ಅದಕ್ಕೇ ಸಿಟ್ಟು ಬಂತು. ಶಾಸ್ತ್ರ ಬೇಡ ಅನ್ನಲಿಲ್ಲ, ಮಗ ಬೇಡ ಅನ್ನಲಿಲ್ಲ. ಹೋಗಬೇಡ ಅಂತ ಗಟ್ಟಿಯಾಗಿ ಒಬ್ಬರು ಹೇಳಿದ್ದರೆ ಜಗಳವಾಡಿಕೊಂಡಾದರೂ ಹೋಗಬಹುದಿತ್ತು. ಈಗ ಹೋದರೂ ತಾನೇ, ಬಿಟ್ಟರೂ ತಾನೇ.

ರವಿ ಭಾನುವಾರ ರಾತ್ರಿಯೇ ಮನೆಗೆ ಬಂದಿದ್ದ. ಸೋಮವಾರ ಬೆಳಗ್ಗೆ ಪದ್ಮ ಸ್ನಾನ ಮಾಡಿ, ಏನೂ ತಿನ್ನದೆ ಹೊರಟಳು. ಕರ್ಮ ಮುಗಿಯುವ ತನಕ ಊಟವಿಲ್ಲ, ಅದೊಂದನ್ನು ಯಾರೂ ಅವಳಿಂದ ಕಿತ್ತುಕೊಳ್ಳುವ ಹಾಗಿರಲಿಲ್ಲ. ಫ್ರೀವೇ ಮೇಲೆ ಯಾವಾಗಲೂ ಶಶಿಧರನೇ ಡ್ರೈವ್ ಮಾಡುತ್ತಿದ್ದದ್ದು. ಅವಳಿಗೆ ಲಾರಿಗಳೆಂದರೆ ಭಯ. ಊರೊಳಗಿನ ಎಯ್ಟ್ ಮೈಲ್ ರೋಡ್ ಹಿಡಿದು, ಸಿಗ್ನಲ್ ಸಿಗ್ನಲ್‌ಗೂ ನಿಂತು, ಒಂದೂಕಾಲು ಗಂಟೆಯಲ್ಲಿ ಲಿವೋನಿಯಾ ಮುಟ್ಟಿದಳು.

ಆಫೀಸು ಕಟ್ಟಡದ ಒಂದು ಹಾಲ್. ಮೂವತ್ತು ಜನ. ಬಾಗಿಲಲ್ಲಿ ಸಹಿ ಹಾಳೆ. ದಿನಕ್ಕೆ ಎರಡು ಸಹಿ, ಒಂಬತ್ತಕ್ಕೆ ಒಂದು, ಊಟವಾದ ಮೇಲೆ ಒಂದಕ್ಕೆ ಇನ್ನೊಂದು. ನಾಲ್ಕೂ ಸಹಿ ಇದ್ದರೆ ಸರ್ಟಿಫಿಕೇಟ್. ಪಾಠ ಹೇಳುವವಳ ಹೆಸರು ಮೆಲಿಸ್ಸಾ. ದೊಡ್ಡ ಊರಿನ ದೊಡ್ಡ ಲೈಬ್ರರಿಯಿಂದ ಬಂದವಳು. ಒಳ್ಳೆಯ ಹೆಂಗಸು. ಮಾತಿಗೆ ಮೊದಲು ನಗುತ್ತಿದ್ದಳು.

ಮೊದಲ ಪಾಠ, ನಿಮ್ಮ ತಂಡದ ಜೊತೆ ಕೆಲಸ ಹಂಚಿಕೊಳ್ಳುವುದು ಹೇಗೆ. ಎರಡನೆಯದು, ಕಂಪ್ಯೂಟರ್ ವಿಭಾಗಕ್ಕೆ ದೂರು ಕೊಡುವುದು ಹೇಗೆ. ಪದ್ಮ ಹೊಸ ನೋಟ್‌ಬುಕ್ ತಂದಿದ್ದಳು. ಏನು ಬರೆಯಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿ ಜೂಡಿ ಅನ್ನುವ ದಪ್ಪ ಹೆಂಗಸು. ಬೆಳಗ್ಗೆ ನೂರಹತ್ತು ಮೈಲಿ ಓಡಿಸಿಕೊಂಡು ಬಂದವಳು. ಅವಳ ಲೈಬ್ರರಿಯಲ್ಲಿ ಅವಳೊಬ್ಬಳೇ. ಎರಡು ದಿನ ಬೀಗ ಹಾಕಿ ಬಂದಿದ್ದಳು.

“ನಮ್ಮಲ್ಲಿ ಕಂಪ್ಯೂಟರ್ ವಿಭಾಗ ಅಂದರೆ ನನ್ನ ಅಳಿಯ” ಅಂದಳು ಜೂಡಿ, ಮೆಲ್ಲಗೆ. “ಅವನೂ ಫೋನ್ ಎತ್ತುವುದಿಲ್ಲ.”

ಪದ್ಮ ಕೈ ಎತ್ತಿದಳು. ಅವಳ ಇಂಗ್ಲಿಷು ಚಿಕ್ಕದು, ನೇರವಾಗಿ ಬರುತ್ತದೆ.

“ನಾನು ಒಬ್ಬಳೇ ಇದ್ದೇನೆ. ಒಬ್ಬನಿಗೆ ಕೆಲಸ ಹೋಗಿದೆ, ಅರ್ಜಿ ಪ್ರಿಂಟ್ ಮಾಡಬೇಕು, ಅಳುತ್ತಿದ್ದಾನೆ. ಫೋನ್ ಹೊಡೆದುಕೊಳ್ಳುತ್ತಿದೆ. ಒಂದು ಮಗು ಕಾರ್ಪೆಟ್ ಮೇಲೆ ವಾಂತಿ ಮಾಡಿತು. ಮೊದಲು ಯಾವುದು?”

ಹಾಲ್‌ನಲ್ಲಿ ನಗು. ಗೇಲಿಯ ನಗು ಅಲ್ಲ. ಎಲ್ಲರಿಗೂ ಆದದ್ದೇ.

“ಅದ್ಭುತವಾದ ಪ್ರಶ್ನೆ” ಅಂದಳು ಮೆಲಿಸ್ಸಾ. ಗೋಡೆಯ ಮೇಲೆ ದೊಡ್ಡ ಬಿಳಿ ಹಾಳೆ ಅಂಟಿಸಿದ್ದಳು. “ಅದನ್ನು ಇಲ್ಲಿ ಬರೆಯಿರಿ. ಆಮೇಲೆ ಬರೋಣ.”

ಪದ್ಮ ಹೋಗಿ ಬರೆದಳು. ಜೂಡಿಯೂ ಬರೆದಳು. ನೋಡ ನೋಡುತ್ತ ಹಾಳೆ ತುಂಬಿತು.

ಹನ್ನೆರಡಕ್ಕೆ ಊಟದ ಡಬ್ಬಿ ಹಂಚಿದರು. ಪದ್ಮ ಬೇಡ ಅಂದು ಕಾರಿಗೆ ಹೋಗಿ ಕೂತಳು. ಹನ್ನೆರಡೂಕಾಲಿಗೆ ಶುರು ಮಾಡಿ ಅಂತ ಭಟ್ಟರಿಗೆ ಮೂರು ಸಲ ಹೇಳಿದ್ದಳು. ಅವರು ಹೂಂ ಅಂದಿದ್ದರು. ಹನ್ನೆರಡೂವರೆಗೆ ರವಿ ಫೋನ್ ಮಾಡಿದ.

“ಅಮ್ಮ, ಭಟ್ರು ಇನ್ನೊಂದ್ಕಡೆ ಪೂಜೆ ಮುಗಿಸ್ಕೊಂಡು ಬರ್ತಿದಾರೆ. ಟೆನ್ ಮಿನಿಟ್ಸ್ ಅಂತೆ.”

ಭಟ್ಟರ ಹತ್ತು ನಿಮಿಷ ಎಷ್ಟು ಅಂತ ಪದ್ಮಳಿಗೆ ಗೊತ್ತಿತ್ತು. ಶುರುವಾದಾಗ ಒಂದಕ್ಕೆ ಐದು ನಿಮಿಷ. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಆ ಕಟ್ಟಡದ ಬಾಗಿಲನ್ನೇ ನೋಡಿದಳು. ಜನ ಡಬ್ಬಿ ಎಸೆದು ಒಳಗೆ ಹೋಗುತ್ತಿದ್ದರು. ಅಷ್ಟರಲ್ಲಿ ಎದ್ದು ಹೋಗಬಹುದಿತ್ತು. ಹೆಸರು ಹೇಳುವ ತನಕ ಇರುತ್ತೇನೆ ಅಂದುಕೊಂಡಳು. ಭಟ್ಟರು ಮೊದಲು ದೇಶ ಹೇಳಿದರು, ಕಾಲ ಹೇಳಿದರು, ಮಿಶಿಗನ್ ಹೇಳಿದರು. ರವಿ ತಡವರಿಸಿಕೊಂಡು ಅವರ ಹಿಂದೆಯೇ ಹೇಳುತ್ತಿದ್ದ. ಗೋತ್ರ ಬಂತು. ಆಮೇಲೆ ಶಶಿಧರ ಅಂತ ಹೆಸರು ಬಂತು. ಕಳೆದ ವರ್ಷದ ಗಡಿಬಿಡಿಯಲ್ಲಿ ಕಿವಿಗೆ ಬಿದ್ದಿರಲಿಲ್ಲ, ಮಗನ ಬಾಯಲ್ಲಿ ಅಪ್ಪನ ಹೆಸರನ್ನು ಅವಳು ಕೇಳಿದ್ದು ಇದೇ ಮೊದಲು. ಅವನು ಅದೊಂದನ್ನು ಮಾತ್ರ ತಡವರಿಸದೆ ಹೇಳಿದ.

ಅವಳು ಏಳಲಿಲ್ಲ. ಏಳಬೇಕು ಅಂತ ತಿಳಿದಿತ್ತು. ಕಾಲಿಗೆ ತಿಳಿದಿರಲಿಲ್ಲ.

ಒಳಗೆ ಹೋದಾಗ ಒಂದು ಗಂಟೆ ಇಪ್ಪತ್ತೆರಡು ನಿಮಿಷ. ಬಾಗಿಲಲ್ಲಿ ಸಹಿ ಹಾಳೆ ಇರಲಿಲ್ಲ. ಸಂಜೆ ಮೆಲಿಸ್ಸಾ ಅವಳನ್ನು ಪಕ್ಕಕ್ಕೆ ಕರೆದಳು.

“ನಿಮ್ಮ ಒಂದು ಗಂಟೆಯ ಸಹಿ ಇಲ್ಲ.”

“ಬಾತ್‌ರೂಮಿನಲ್ಲಿದ್ದಳು” ಅಂದಳು ಜೂಡಿ, ಕೇಳದೆಯೇ. “ನಾನೇ ನೋಡಿದೆ.”

ಪದ್ಮ ತಲೆಯಾಡಿಸಿದಳು. “ಇಲ್ಲ. ಕಾರಿನಲ್ಲಿದ್ದೆ. ಮನೆಯಲ್ಲಿ ಒಂದು ಕಾರ್ಯ ಇತ್ತು. ಫೋನಿನಲ್ಲಿ ಕೇಳುತ್ತಿದ್ದೆ.”

ಕಾರ್ಯ ಅಂದರೆ ಮೆಲಿಸ್ಸಾಳಿಗೆ ಏನು ತಿಳಿಯಿತೋ, ಹುಟ್ಟುಹಬ್ಬ ಅಂದುಕೊಂಡಳೋ. ಗಂಡನ ತಿಥಿ ಅಂತ ಹೇಳಿದ್ದರೆ ಬಿಡುತ್ತಿದ್ದಳೇನೋ. ಪದ್ಮಳಿಗೆ ಅದನ್ನು ಮುಂದಿಟ್ಟು ಸಹಿ ಕೇಳಲು ಮನಸ್ಸು ಬರಲಿಲ್ಲ. ಮೆಲಿಸ್ಸಾ ಬೇಸರದ ಮುಖ ಮಾಡಿದಳು. ಹದಿನೈದು ನಿಮಿಷದ ಮೇಲೆ ತಡವಾದರೆ ಗೈರುಹಾಜರಿ, ನಿಯಮ ನನ್ನದಲ್ಲ, ಏಪ್ರಿಲ್‌ನಲ್ಲಿ ಮತ್ತೆ ಇದೆ ಅಂದಳು.

ಅಲ್ಲಿಗೆ ಮುಗಿಯಿತು. ತಿಥಿಯ ಹತ್ತಿರವೂ ಇರಲಿಲ್ಲ, ಕಾಗದವೂ ಸಿಗಲಿಲ್ಲ. ಮನೆಗೆ ಬಂದಾಗ ಲತಾಶ್ರೀ ಬಾಳೆಲೆ ಹಾಕಿಕೊಂಡು ಕಾಯುತ್ತಿದ್ದಳು. ಪದ್ಮ ಉಂಡಳು. ಅವಳು ನಡೆದದ್ದನ್ನು ಹೇಳುತ್ತಿದ್ದರೆ ಲತಾಶ್ರೀ ಇನ್ನೊಂದು ಸೌಟು ಹುಳಿ ಬಡಿಸಿದಳು.

ಮಂಗಳವಾರ ಬೆಳಗ್ಗೆ ಪದ್ಮ ಮತ್ತೆ ಹೊರಟದ್ದನ್ನು ನೋಡಿ ರವಿ ಕೇಳಿದ. “ಅಮ್ಮ, ವೈ? ಸರ್ಟಿಫಿಕೇಟ್ ಕೊಡಲ್ಲ ಅಂದ್ರಲ್ಲ.”

“ಕಾಗದ ಕೊಡಲ್ಲ ಅಂದ್ರು. ಬರಬೇಡ ಅಂದ್ರಾ?”

ಎರಡನೆಯ ದಿನ ಒಂದು ಪಾಠ ಚೆನ್ನಾಗಿತ್ತು. ಬಂದವರು ಬಾಯಲ್ಲಿ ಕೇಳುವುದು ಒಂದು, ಅವರಿಗೆ ಬೇಕಾದ್ದು ಇನ್ನೊಂದು, ಎರಡು ಪ್ರಶ್ನೆ ಹೆಚ್ಚಿಗೆ ಕೇಳಿ ಅಂತ. ಪದ್ಮ ಅದನ್ನು ಮಾತ್ರ ಬರೆದುಕೊಂಡಳು. ಗೋಡೆಯ ಬಿಳಿ ಹಾಳೆ ಕಾಣಲಿಲ್ಲ. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿ ಸರ್ಟಿಫಿಕೇಟ್ ತೆಗೆದುಕೊಳ್ಳುವಾಗ ಅವಳು ಎದ್ದು ನಿಂತಳು.

“ನಮ್ಮ ಪ್ರಶ್ನೆಗಳು ಎಲ್ಲಿ?”

ಮೆಲಿಸ್ಸಾ ಗೋಡೆ ನೋಡಿದಳು. ಕ್ಲೀನ್ ಮಾಡುವವರು ರಾತ್ರಿ ತೆಗೆದು ಎಸೆದಿದ್ದರು. ಅವಳ ಮುಖ ಕೆಂಪಾಯಿತು. ಇಮೇಲ್ ಮಾಡುತ್ತೇನೆ ಅಂದಳು. ಜೂಡಿ ತನ್ನ ಸರ್ಟಿಫಿಕೇಟನ್ನು ಬ್ಯಾಗಿಗೆ ತುರುಕಿಕೊಂಡು ಪದ್ಮಳ ಬೆನ್ನು ತಟ್ಟಿದಳು.

“ಮೊದಲು ವಾಂತಿ” ಅಂದಳು. “ಯಾರಾದರೂ ಜಾರಿ ಬಿದ್ದರೆ ಮೂರೂ ಹೋಯಿತು. ಆಮೇಲೆ ಅಳುವವನು. ಫೋನ್ ಹೊಡೆದುಕೊಳ್ಳಲಿ ಬಿಡಿ.”

ಎರಡು ದಿನದಲ್ಲಿ ಸಿಕ್ಕ ಉತ್ತರ ಅದೊಂದೇ.

ಅಕ್ಟೋಬರ್ ಒಂದನೆಯ ತಾರೀಖು ಡೆಸ್ಕಿನಲ್ಲಿ ಹೊಸಬಳು ಕೂತಿದ್ದಳು. ಜಾನ್ವಿ. ಇಪ್ಪತ್ತನಾಲ್ಕರ ಹುಡುಗಿ, ಇಲ್ಲೇ ಹುಟ್ಟಿ ಬೆಳೆದವಳು, ಅಪ್ಪ ಅಮ್ಮ ತುಮಕೂರಿನವರು. ಡಿಗ್ರಿ ಇತ್ತು. ಲೈಬ್ರರಿ ವಿಜ್ಞಾನದಲ್ಲಿ ಮಾಸ್ಟರ್ಸ್ ಕೂಡ ಓದುತ್ತಿದ್ದಳು. ಪದ್ಮಳನ್ನು ನೋಡಿ ಅವಳ ಮುಖ ಅರಳಿತು.

“ಓ, ನೀವು ಕನ್ನಡಾನಾ ಆಂಟಿ? ಥ್ಯಾಂಕ್ ಗಾಡ್. ಆಂಟಿ, ಈ ಪ್ರಿಂಟರ್ ವರ್ಕ್ ಆಗ್ತಿಲ್ಲ.”

ಪದ್ಮ ಬಾಗಿಲು ತೆರೆದು ಮುಚ್ಚಿದಳು. ಪ್ರಿಂಟರ್ ಓಡಿತು. ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಅದೇ ಒಂದು ಸಂಕಟ. ಸಂಜೆಯೊಳಗೆ ಹನ್ನೊಂದು ಸಲ ಆಂಟಿ ಅಂತ ಕರೆದಳು.

ಮುಚ್ಚುವ ಮೊದಲು ಕ್ಯಾರೊಲ್ ಪದ್ಮಳನ್ನು ತನ್ನ ಕೋಣೆಗೆ ಕರೆದಳು. ಕೂರಿ ಅಂದಳು. ಪದ್ಮ ನಿಂತೇ ಇದ್ದಳು.

“ನನಗೂ ಬೇಜಾರಾಗಿದೆ. ಮಂಡಳಿಯವರು ಏಪ್ರಿಲ್ ತನಕ ಕಾಯಲು ಒಪ್ಪಲಿಲ್ಲ. ಒಂದು ಕೇಳಲಾ? ಜಾನ್ವಿಗೆ ಎಲ್ಲ ತೋರಿಸಿಕೊಡಿ. ಡೋರಿಸ್ ಹೋದಳು, ನನಗೆ ಪುರುಸೊತ್ತಿಲ್ಲ. ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ.”

“ನನಗೆ ತರಬೇತಿ ಇಲ್ಲ” ಅಂದಳು ಪದ್ಮ.

“ಪದ್ಮ...”

“ಇಲ್ಲ ಅಂತ ನೀವೇ ಹೇಳಿದಿರಿ. ಮಂಡಳಿ ಹೇಳಿತು. ಲಿವೋನಿಯಾದಲ್ಲೂ ಹೇಳಿದರು. ತರಬೇತಿ ಇಲ್ಲದವಳು ಇನ್ನೊಬ್ಬಳಿಗೆ ಹೇಗೆ ಕಲಿಸುತ್ತಾಳೆ?”

ಕ್ಯಾರೊಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳಿಗೂ ವಯಸ್ಸಾಗಿತ್ತು. ಈ ಕಟ್ಟಡ ಬಿಟ್ಟು ಒಂದು ದಿನವೂ ತರಬೇತಿಗೆ ಅಂತ ಅವಳು ಹೋದವಳಲ್ಲ.

“ನಾನೇನು ಮಾಡಲಿ ಹೇಳಿ.”

“ಕಲಿಸುತ್ತೇನೆ” ಅಂದಳು ಪದ್ಮ. “ಹುಡುಗಿ ಒಳ್ಳೆಯವಳು. ಆದರೆ ಬರೆದುಕೊಡಿ. ಲೈಬ್ರರಿಯ ಹೆಸರಿರುವ ಕಾಗದದ ಮೇಲೆ. ನಾನು ಏನೇನು ಕಲಿಸುತ್ತೇನೆ, ಎಷ್ಟು ದಿನ ಕಲಿಸುತ್ತೇನೆ. ನಿಮ್ಮ ಸಹಿ. ಒಂದು ಪ್ರತಿ ನನಗೆ, ಒಂದು ಮಂಡಳಿಗೆ.”

“ಅದರಿಂದ ಸರ್ಟಿಫಿಕೇಟ್ ಆಗುವುದಿಲ್ಲ.”

“ಗೊತ್ತು.”

“ಡೆಸ್ಕೂ ಈಗ ಸಿಗುವುದಿಲ್ಲ.”

“ಗೊತ್ತು. ಬರೆಯಿರಿ.”

ಕ್ಯಾರೊಲ್ ಕನ್ನಡಕ ಹಾಕಿಕೊಂಡಳು. ಆಮೇಲೆ ಕಂಪ್ಯೂಟರ್ ಕಡೆ ತಿರುಗಿ ಟೈಪ್ ಮಾಡಿದಳು. ಪದ್ಮ ಅವಳ ಹೆಗಲ ಹಿಂದೆ ಬಂದು ನಿಂತಳು. ಒಂದೊಂದೇ ಪದ ಓದಿದಳು. ಓದಲು ಹೊತ್ತು ಹಿಡಿಯಿತು. ಹಿಡಿಯಲಿ.

ಎರಡನೆಯ ಸಾಲಿನ ಮೇಲೆ ಬೆರಳಿಟ್ಟಳು.

“ಇಲ್ಲಿ ಹೊಸ ಸಿಬ್ಬಂದಿಗೆ ಸಹಾಯ ಮಾಡುತ್ತಾರೆ ಅಂತ ಹಾಕಿದ್ದೀರಿ.”

“ಹೌದು.”

“ತೆಗೆಯಿರಿ. ತರಬೇತಿ ಕೊಡುತ್ತಾರೆ ಅಂತ ಹಾಕಿ.”

ಕ್ಯಾರೊಲ್ ತೆಗೆದು ಹಾಕಿದಳು.